ಎರಡು ರೋಲು, ನಾಲ್ಕು ಮೊಟ್ಟೆ

ಹೋದ ತಿಂಗಳು ಮೊಮ್ಮಗಳು ನಾಗುವನ್ನು ಕರೆದುಕೊಂಡು ಬರಲು ಬಂಗಾರಪೇಟೆ ಸ್ಟೇಷನ್ನಿಗೆ ಹೋಗಿದ್ದೆ. ಗಾಡಿ ತಡವಾಗಿತ್ತು. ಗೂಡ್ಸ್ ಶೆಡ್ಡಿನ ಪಕ್ಕದಲ್ಲಿ ಕಂಬಿಯ ಕೆಳಗಿನ ಹಳೆಯ ಮರದ ಸ್ಲೀಪರುಗಳನ್ನು ಕಿತ್ತು ತಂದು ಒಟ್ಟಿದ್ದರು. ಈಗೆಲ್ಲ ಸಿಮೆಂಟಿನವು ಬರುತ್ತಿವೆ. ಮಧ್ಯಾಹ್ನದ ಬಿಸಿಲು ಬಿದ್ದು ಆ ಮರದಿಂದ ಡಾಂಬರೆಣ್ಣೆಯ ವಾಸನೆ ಏಳುತ್ತಿತ್ತು. ಬೇರೆಯವರು ಮೂಗು ಮುಚ್ಚಿಕೊಂಡು ಹೋಗುವ ವಾಸನೆ ಅದು. ನಾನು ಅಲ್ಲೇ ಒಂದು ಸ್ಲೀಪರಿನ ಮೇಲೆ ಕೂತುಬಿಟ್ಟೆ. ಎಂಬತ್ತೆರಡರ ಬೇಸಿಗೆ ಪೂರ್ತಿ ನನ್ನ ಮೂಗಿನೊಳಕ್ಕೆ ಬಂದು ಕೂತಿತ್ತು.

ಆಗ ನಾನು ರೈಲ್ವೆಯಲ್ಲಿ ಕೀಮ್ಯಾನ್. ಕಂಬಿಯನ್ನು ಸ್ಲೀಪರಿಗೆ ಬಿಗಿಯುವ ಕಬ್ಬಿಣದ ಬೆಣೆಗೆ ನಾವು ಕೀ ಅನ್ನುತ್ತೇವೆ. ದಿನಾ ಬೆಳಗ್ಗೆ ಹೆಗಲ ಮೇಲೆ ಸುತ್ತಿಗೆ, ಕಂಕುಳಲ್ಲಿ ಕೆಂಪು ಹಸಿರು ಬಾವುಟ ಇಟ್ಟುಕೊಂಡು ಕಂಬಿಯ ಮೇಲೇ ನಡೆಯಬೇಕು. ಸಡಿಲಾದ ಕೀಗೆ ಒಂದು ಏಟು ಕೊಡಬೇಕು. ಸ್ಲೀಪರಿನ ಕೆಳಗೆ ಕಲ್ಲು ಕುಸಿದು ಟೊಳ್ಳಾಗಿದ್ದರೆ ಕಂಬಿಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದು ಮುಂದಕ್ಕೆ ಹೋಗಬೇಕು. ಹಿಂದಿನಿಂದ ಗ್ಯಾಂಗಿನವರು ಬಂದು ಗೀಟು ಇರುವ ಕಡೆ ಕಲ್ಲು ಕೆದರಿ, ಗುದ್ದಿ, ಗಟ್ಟಿ ಮಾಡುತ್ತಾರೆ, ಅದಕ್ಕೆ ಪ್ಯಾಕಿಂಗ್ ಅನ್ನುತ್ತಾರೆ. ಬಂಗಾರಪೇಟೆಗೂ ಕೋರಮಂಡಲ್ ಸ್ಟೇಷನ್ನಿಗೂ ನಡುವೆ ನನ್ನ ಪಾಲಿನ ಮೈಲಿಗಳು. ಇಪ್ಪತ್ತಮೂರು ವರ್ಷ ಅದೇ ದಾರಿ. ಮೂರನೇ ಕ್ಲಾಸಿಗೆ ಬಿಟ್ಟವನಿಗೆ ಇದಕ್ಕಿಂತ ಒಳ್ಳೆ ಕೆಲಸ ಎಲ್ಲಿ ಸಿಗುತ್ತಿತ್ತು!

ನನ್ನ ದೊಡ್ಡ ಮಗಳನ್ನು ಚಾಂಪಿಯನ್ ರೀಫ್ಸಿಗೆ ಕೊಟ್ಟಿದ್ದೆವು. ಅಳಿಯ ಚಿನ್ನದ ಗಣಿಯೊಳಗೆ ಇಳಿಯುವವನು. ಆ ವರ್ಷ ಮಗಳಿಗೆ ಎರಡನೇ ಹೆರಿಗೆಯಾಗಿ ಇನ್ನೂ ಹದಿನೈದು ದಿನ ಆಗಿರಲಿಲ್ಲ, ಮೊದಲನೆಯವಳು ನಾಗು, ಏಳು ವರ್ಷದವಳು, ಹುಣಸೆಮರದಿಂದ ಬಿದ್ದು ಬಲಗಾಲಿನ ತೊಡೆಮೂಳೆ ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಸೊಂಟದಿಂದ ಹಿಮ್ಮಡಿಯವರೆಗೆ ಪ್ಲಾಸ್ಟರಿನ ಹಿಟ್ಟು ಕಟ್ಟಿದರು. ಗಣಿಯವರ ಲೈನ್ ಮನೆಯ ಒಂದೇ ಕೋಣೆಯಲ್ಲಿ ಬಾಣಂತಿ, ಕೂಸು, ಈ ಹಿಟ್ಟಿನ ಮೂಟೆ ಎಲ್ಲ ಹೇಗೆ? ನಮ್ಮ ಕ್ವಾರ್ಟರ್ಸಿಗೆ ಎತ್ತಿಕೊಂಡು ಬಂದೆವು.

ಡಾಕ್ಟರಮ್ಮ ಒಂದೇ ಮಾತು ಹೇಳಿದ್ದರು. ಎರಡು ತಿಂಗಳು ಅಲುಗಬಾರದು. ಅಲುಗಿದರೆ ಮೂಳೆ ಸೊಟ್ಟಗೆ ಕೂಡಿಕೊಳ್ಳುತ್ತದೆ, ಆ ಕಾಲು ಗಿಡ್ಡವಾಗುತ್ತದೆ, ಆಯುಷ್ಯಪೂರ್ತಿ ಕುಂಟು.

ಏಳು ವರ್ಷದ ಮಗುವಿಗೆ ಅಲುಗಬೇಡ ಅಂದರೆ! ಮೂರನೇ ದಿನಕ್ಕೆ ಹಿಟ್ಟಿನ ಅಂಚು ಕೆರೆದು ಪುಡಿ ಮಾಡಿದ್ದಳು. ನಮ್ಮ ಮನೆಯಾಕೆ ರತ್ನಮ್ಮ ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಮಗ್ಗುಲಾಗಲು ನೋಡುತ್ತಿದ್ದಳು.

"ಏ ನಾಗಿ, ಸುಮ್ನೆ ಬಿದ್ಕಳ್ಳೇ! ಕುಂಟಿ ಅಂತ ಯಾವನೂ ಕಟ್ಕಳ್ಳಲ್ಲ ನಿನ್ನ" ಅಂದಳು ರತ್ನಮ್ಮ.

"ಕಟ್ಕಳ್ದಿದ್ರೆ ಬ್ಯಾಡ. ನಿನ್ ಜತೇಲೆ ಇರ್ತೀನಿ."

ಬಾಯಿಗೇನೂ ಹಿಟ್ಟು ಕಟ್ಟಿರಲಿಲ್ಲವಲ್ಲ.

ನಾನು ಮಧ್ಯಾಹ್ನ ಬಂದರೆ ಅವಳಿಗೆ ಕಥೆ ಬೇಕು. ದಾರಿಯಲ್ಲಿ ಏನೇನು ಕಂಡೆ ಅಂತ ಹೇಳಬೇಕು. ನಾನೇನು ಕಂಡಿರುತ್ತೇನೆ? ಇಪ್ಪತ್ತಮೂರು ವರ್ಷ ಕೀ ನೋಡಿದವನು ಕೀ ಬಿಟ್ಟು ಬೇರೇನೂ ನೋಡಿರಲಿಲ್ಲ. ಎರಡು ದಿನ ಕಟ್ಟಿ ಹೇಳಿದೆ. ನರಿ ಕಂಡೆ ಅಂದೆ, ನವಿಲು ಕುಣಿಯಿತು ಅಂದೆ. ಮೂರನೇ ದಿನ ಹಿಡಿದುಬಿಟ್ಟಳು. "ನಿನ್ನೆ ನರಿ ಬಾಲ ಕರ್ರಗಿತ್ತು ಅಂದೆ, ಇವತ್ತು ಕೆಂಪಗೆ ಅಂತೀಯ. ಬರೀ ಸುಳ್ಳು ಏಳ್ತೀಯ ತಾತಾ." ಮುಖ ಗೋಡೆಗೆ ತಿರುಗಿಸಿಕೊಂಡಳು. ಅವತ್ತು ಮುದ್ದೆಯನ್ನೂ ಮುಟ್ಟಲಿಲ್ಲ.

ಮಾರನೆಯ ದಿನದಿಂದ ನಿಜವಾಗಿ ನೋಡುತ್ತಾ ಹೋದೆ. ಹಾಗೆ ನೋಡುತ್ತಾ ಹೋದದ್ದಕ್ಕೇ ಆ ಮೊಟ್ಟೆ ಸಿಕ್ಕಿದ್ದು.

ಟಿಟ್ಟಿಬ ಹಕ್ಕಿ ಎಲ್ಲರಿಗೂ ಗೊತ್ತು, ಕಾಲು ಹಳದಿ, ಬಾಯಿ ಜೋರು. ಅದು ಮರದಲ್ಲಿ ಗೂಡು ಕಟ್ಟುವುದಿಲ್ಲ, ನೆಲದಲ್ಲೇ ಇಡುತ್ತದೆ. ಆ ವರ್ಷ ಒಂದು ಜೋಡಿ ಕಂಬಿಯ ಪಕ್ಕದ ಜಲ್ಲಿಯಲ್ಲೇ ಇಟ್ಟಿತ್ತು. ಸ್ಲೀಪರಿನ ತುದಿಗೆ ಒಂದು ಗೇಣು ಆಚೆ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ. ಜಲ್ಲಿಕಲ್ಲೂ ಹಾಗೇ ಇರುತ್ತದೆ. ನಾನು ಕಾಲು ಎತ್ತಿದ್ದೆ, ಇಡಬೇಕು, ಹಕ್ಕಿ ತಲೆಯ ಮೇಲೆ ಬಂದು ಕಿರುಚಿತು. ಬಗ್ಗಿ ನೋಡಿದರೆ ಇದು. ನಾಳೆ ಮರೆತು ತುಳಿದೇನು ಅಂತ ಜೇಬಿನಿಂದ ಸೀಮೆಸುಣ್ಣ ತೆಗೆದು ಕಂಬಿಯ ಮೇಲೆ ಒಂದು ಗೀಟು ಎಳೆದು ಬಂದೆ.

ಮನೆಯಲ್ಲಿ ಹೇಳಿದರೆ ನಾಗು ನಂಬಲಿಲ್ಲ. "ರೈಲು ಓಡೋ ಕಡೆ ಯಾರಾನಾ ಮೊಟ್ಟೆ ಇಕ್ತಾರಾ?"

"ನಿಜ ಕಣವ್ವ, ನಿನ್ನಾಣೆ."

ರತ್ನಮ್ಮ ಒಲೆಯ ಮುಂದಿನಿಂದ, "ಅದು ಮಲಗಿದಾಗ ಕಾಲು ಮೇಲಕ್ಕೆತ್ಕಂಡಿರುತ್ತಂತೆ. ಆಕಾಸ ಬಿದ್ರೆ ಇಡ್ಕಳ್ಳಾಕೆ" ಅಂದಳು.

ನಾಗು ಹಗ್ಗದಲ್ಲಿ ಎತ್ತಿ ಕಟ್ಟಿದ್ದ ತನ್ನ ಕಾಲು ನೋಡಿಕೊಂಡಳು. "ನನ್ನಂಗೇ" ಅಂದಳು. ಆಮೇಲೆ, "ತೋರ್ಸು. ತೋರ್ಸಿದ್ರೆ ನಂಬ್ತೀನಿ."

ಎಲ್ಲಿಂದ ತೋರಿಸುವುದು? ಇದನ್ನು ನಮ್ಮ ಷಟಲ್ ಗಾಡಿಯ ಗಾರ್ಡ್ ಡೇವಿಡ್ ಸಾಹೇಬರ ಹತ್ತಿರ ಹೇಳಿಕೊಂಡು ನಕ್ಕೆ. ಅವರು ರಿಟೈರಾಗುವ ತಿಂಗಳು, ಮನೆ ಖಾಲಿ ಮಾಡುತ್ತಿದ್ದರು. ಎರಡು ದಿನ ಬಿಟ್ಟು ಬ್ರೇಕ್‌ವ್ಯಾನಿನಿಂದ ಒಂದು ಕರೀ ಡಬ್ಬಿ ಕೈಗೆ ಕೊಟ್ಟರು. ಡಬ್ಬಿ ಕ್ಯಾಮರಾ, ಎರಡು ರೋಲು ಫಿಲ್ಮು. "ಹಳೇ ರೋಲು ಯರ್ರಪ್ಪ, ಬಂದ್ರೆ ಬಂತು. ಒಂದರಲ್ಲಿ ಹನ್ನೆರಡು. ಬಿಸಿಲು ಬೆನ್ನಿಗಿರಬೇಕು. ಆರಡಿ ದೂರ ನಿಲ್ಲು. ಉಸಿರು ಹಿಡ್ಕೊಂಡು ಒತ್ತು." ಇಷ್ಟೇ ಪಾಠ. ಗಾಡಿ ಹೊರಟುಹೋಯಿತು.

ನಾನೂ ನಾಗುವೂ ಒಪ್ಪಂದ ಮಾಡಿಕೊಂಡೆವು. ದಿನಕ್ಕೆ ಒಂದೇ ಕ್ಲಿಕ್. ಹೆಚ್ಚು ಹೊಡೆದರೆ ಮುಗಿದುಹೋಗುತ್ತದೆ. ಅವಳ ಕಡೆಯಿಂದ ಒಪ್ಪಂದ ಏನೆಂದರೆ, ದಿನಕ್ಕೆ ಒಂದು ಸಲವೂ ಅಲುಗಬಾರದು.

ದಿನಕ್ಕೆ ಒಂದೇ ಅಂದಾಗ ಏನಾಗುತ್ತದೆ ಗೊತ್ತೇ? ಇದನ್ನು ಹೊಡೆಯಲೇ, ಮುಂದೆ ಇದಕ್ಕಿಂತ ಒಳ್ಳೆಯದು ಸಿಕ್ಕೀತೇ ಅಂತ ದಾರಿಯುದ್ದಕ್ಕೂ ಕಣ್ಣು ಬಿಟ್ಟುಕೊಂಡೇ ನಡೆಯುತ್ತೀರಿ. ಸಿಗ್ನಲ್ ತಂತಿಯ ರಾಟೆಗೆ ಜೇಡ ಬಲೆ ಕಟ್ಟಿತ್ತು. ತಂತಿ ಎಳೆದಾಗಲೆಲ್ಲ ಬಲೆ ಹರಿಯುತ್ತಿತ್ತು, ಗಾಡಿ ಹೋದ ಮೇಲೆ ಅದು ಬಂದು ಮತ್ತೆ ಶುರುಮಾಡುತ್ತಿತ್ತು. ಎಕ್ಕದ ಗಿಡದಲ್ಲಿ ಪಟ್ಟೆಪಟ್ಟೆಯ ಹುಳ ಒಂದು ಎಲೆಯನ್ನು ಅಂಚಿನಿಂದ ತಿಂದುಕೊಂಡು ಬರುವುದನ್ನು ಮೂರು ದಿನ ನೋಡಿದೆ. ಮೈಲಿಕಲ್ಲಿನ ನೆರಳಲ್ಲಿ ದಿನಾ ಅದೇ ಓತಿಕ್ಯಾತ ಕೂತಿರುತ್ತಿತ್ತು. ನೆರಳು ಸರಿದಂತೆ ಅದೂ ಸರಿಯುತ್ತಿತ್ತು. ಗಣಿಯ ಕಡೆಯಿಂದ ಗಾಳಿ ಬಂದ ದಿನ ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬದ ಬಿಳೀ ಪುಡಿ ಹುಲ್ಲಿನ ಮೇಲೆಲ್ಲ ಕೂತು, ಇರುವೆ ನಡೆದ ದಾರಿ ಅದರಲ್ಲಿ ಗೀಚಿದ ಹಾಗೆ ಕಾಣುತ್ತಿತ್ತು. ಇದೆಲ್ಲ ಇಪ್ಪತ್ತಮೂರು ವರ್ಷವೂ ಅಲ್ಲೇ ಇತ್ತು. ನಾನೇ ಇರಲಿಲ್ಲ.

ಆದರೆ ಎಷ್ಟೇ ನೋಡಿದರೂ ದಿನ ಬಿಟ್ಟು ದಿನ ಕ್ಲಿಕ್ ಹೋಗುತ್ತಿದ್ದದ್ದು ಮೊಟ್ಟೆಗೇ. ಬೆಳಗ್ಗೆ ಹೋಗುವಾಗ ಬಿಸಿಲು ಎದುರಿಗಿರುತ್ತಿತ್ತು, ಅದಕ್ಕೆ ಬರುವಾಗಲೇ ಹೊಡೆಯಬೇಕು. ಆ ಹೊತ್ತಿಗೆ ಕಲ್ಲು ಕಾದಿರುತ್ತಿತ್ತು. ಹಕ್ಕಿ ಎದ್ದು ಹೋಗಿ, ತೂಬಿನ ಕೆಳಗೆ ಉಳಿದಿದ್ದ ನೀರಿನಲ್ಲಿ ಹೊಟ್ಟೆ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತಿತ್ತು. ಮೊಟ್ಟೆಗೆ ಕಾವು ಕೊಡುವುದು ಕೇಳಿದ್ದೆ. ತಂಪು ಕೊಡುವುದನ್ನು ಅವತ್ತೇ ಕಂಡದ್ದು. ಷಟಲ್ ಬಂದರೆ ಏಳುತ್ತಿತ್ತು, ನಾಲ್ಕು ಹೆಜ್ಜೆ ಆಚೆ ನಿಂತು ಇಂಜಿನ್ನಿಗೆ ಬೈಯುತ್ತಿತ್ತು, ಕಡೆಯ ಡಬ್ಬಿ ದಾಟಿದ ಕೂಡಲೇ ವಾಪಸು.

ಹನ್ನೆರಡು ಮುಗಿದವು. ರೋಲನ್ನು ಬಂಗಾರಪೇಟೆಯ ಸೆಲ್ವಂ ಸ್ಟುಡಿಯೋಗೆ ಕೊಟ್ಟೆ. ನನ್ನ ರಜದ ದಿನ ಬೆಳಗ್ಗೆ ಸೈಕಲ್ಲಿನಲ್ಲಿ ಹೋಗಿ ತಂದೆ. ಸೆಲ್ವಂ ಲಕೋಟೆ ಕೊಡಲೇ ಇಲ್ಲ, ಒಂದೊಂದೇ ತೆಗೆದು ಗಲ್ಲಾಪೆಟ್ಟಿಗೆಯ ಮೇಲೆ ಇಸ್ಪೀಟಿನ ಹಾಗೆ ಹಾಕಿದ.

"ಎನ್ನಯ್ಯಾ ಇದು? ಕಲ್ಲು. ಇದೂ ಕಲ್ಲು. ಇದು ಗಿಡ. ಮತ್ತೆ ಕಲ್ಲು. ಮನುಷ್ಯ ಒಬ್ನೂ ಇಲ್ವಾ? ಎನ್ ಸ್ಟುಡಿಯೋಲ ಇಪ್ಪಡಿ ಫೋಟೋ ನಾನ್ ಪಾತ್ತದೇ ಇಲ್ಲೆ." ಇಂಥ ಫೋಟೋ ಅವನು ನೋಡೇ ಇರಲಿಲ್ಲವಂತೆ.

"ಮೊಟ್ಟೆ ಐತೆ ನೋಡು ಸೆಲ್ವಂ."

ಅವನು ಕನ್ನಡಕ ಏರಿಸಿ ನೋಡಿದ, ಇಳಿಸಿ ನೋಡಿದ. "ಎಂಗೇಯ್ಯಾ? ಎಲ್ಲಿ?"

ನಿಜ ಹೇಳಬೇಕೆಂದರೆ ನನಗೂ ಕಾಣಲಿಲ್ಲ. ಏಳು ಫೋಟೋ ಬಂದಿದ್ದವು, ನಾಲ್ಕರಲ್ಲಿ ಬರೀ ಜಲ್ಲಿ. ಕಪ್ಪು ಬಿಳುಪಿನಲ್ಲಿ ಕಲ್ಲು ಯಾವುದು, ಮೊಟ್ಟೆ ಯಾವುದು? ದಾರಿಯುದ್ದಕ್ಕೂ ಒಂದೇ ಯೋಚನೆ. ಇದನ್ನು ತೋರಿಸಿದರೆ ಮಗು ಮತ್ತೆ ಗೋಡೆಗೆ ತಿರುಗುತ್ತದೆ.

ನಾಗು ಫೋಟೋ ಕಿತ್ತುಕೊಂಡಳು. ಮೂಗಿಗೆ ತಾಕುವಷ್ಟು ಹತ್ತಿರ ಇಟ್ಟುಕೊಂಡಳು. ರತ್ನಮ್ಮ ಬಂದು ನೋಡಿ, "ಅಯ್ಯೋ ನಿಮ್ಮ, ಜಲ್ಲಿ ಪಟ ತೆಗ್ಸಕ್ಕೆ ಇಷ್ಟ್ ದಿನವಾ" ಅಂದು ಹೋದಳು. ಒಲೆಯ ಮೇಲೆ ಎಸರು ಬರುವಷ್ಟು ಹೊತ್ತಾಯಿತು.

"ಒಂದು" ಅಂದಳು ನಾಗು. ಬೆರಳು ಇಟ್ಟಳು. "ಎರಡು. ಮೂರು. ನಾಕು. ನಾಕೂ ಚೂಪು ಕಡೆ ಒಳಗಿಟ್ಕಂಡವೆ, ತಲೆಗೆ ತಲೆ ಸೇರ್ಸಿ ಮಾತಾಡೋರಂಗೆ."

ಅವಳ ಬೆರಳಿನ ತುದಿ ನೋಡಿದ ಮೇಲೆ ನನಗೂ ಕಂಡಿತು. ನೋಡಿ, ಸ್ಥಳದಲ್ಲಿ ನಿಂತು ದಿನಾ ನೋಡಿದವನು ನಾನು, ಮಲಗಿದಲ್ಲಿಂದ ಅದರ ಚೂಪು ಕಡೆ ಯಾವುದು ಅಂತ ಹೇಳಿದವಳು ಅವಳು! ನಮ್ಮ ನಾಗುವಿನ ಕಣ್ಣು ಅಂದರೆ ಕಣ್ಣು. ನನಗೆ ಎದ್ದು ಕುಣಿಯುವ ಹಾಗಾಯಿತು. ರತ್ನಮ್ಮನನ್ನು ಕೂಗಿ ಕರೆದು ತೋರಿಸಿದೆ. ಅವಳಿಗೆ ಎರಡೇ ಕಂಡವು.

ನಾಗು ಇನ್ನೊಂದು ಫೋಟೋ ಎತ್ತಿಕೊಂಡಿದ್ದಳು. "ತಾತಾ, ಕಂಬಿ ಮ್ಯಾಲೆ ಈ ಬೆಳ್ಳಗಿರೋ ಗೀಟು ಏನು?"

"ಅದಾ, ಗುರುತಿಗೆ ನಾನೇ ಎಳ್ದಿದ್ದು. ಸೀಮೆಸು..."

ಕಂಬಿಯ ಮೇಲೆ ಸೀಮೆಸುಣ್ಣದ ಗೀಟು ಕಂಡರೆ ಗ್ಯಾಂಗಿನವರು ಕೇಳುವುದಿಲ್ಲ. ಅಲ್ಲಿ ಕಲ್ಲು ಕೆದರಿ ಗುದ್ದುತ್ತಾರೆ, ಅಷ್ಟೇ. ಅವರಿಗೆ ಅದನ್ನು ಇಪ್ಪತ್ತಮೂರು ವರ್ಷದಿಂದ ಹೇಳುತ್ತಿದ್ದವನು ನಾನೇ. ಮಾಸಿದಾಗಲೆಲ್ಲ ಮೇಲೆ ಮತ್ತೆ ಎಳೆದವನೂ ನಾನೇ. ಗ್ಯಾಂಗು ಮೂರು ವಾರದಿಂದ ಬೇರೆ ಮೈಲಿಯಲ್ಲಿತ್ತು. ಅವತ್ತು ಬೆಳಗ್ಗೆ ನಾನು ಪೇಟೆಗೆ ಹೊರಟಾಗ ಮೇಸ್ತ್ರಿ ಚೌಡಪ್ಪ ಎದುರಿಗೆ ಸಿಕ್ಕಿ, ಇವತ್ತಿಂದ ನಿನ್ನ ಮೈಲಿಗೇ ಬರ್ತಾ ಇದೀವಿ ಅಂದಿದ್ದ. ನಾನು ತಲೆಯಾಡಿಸಿ ಹೋಗಿದ್ದೆ.

"ಏನಾಯ್ತು ತಾತಾ?"

"ಬತ್ತೀನಿ ಇರು" ಅಂದವನೇ ಸೈಕಲ್ ಎತ್ತಿದೆ.

ಕಂಬಿಯ ಪಕ್ಕದ ಕಾಲುದಾರಿಯಲ್ಲಿ ಸೈಕಲ್ ತುಳಿಯುವುದು ಅಂದರೆ ಅರ್ಧ ತುಳಿಯುವುದು, ಅರ್ಧ ಹೊರುವುದು. ದೂರದಿಂದಲೇ ಹಕ್ಕಿಯ ಕೂಗು ಕೇಳಿಸಿತು. ಎರಡೂ ಮೇಲೆ ಹಾರಾಡುತ್ತಿದ್ದವು. ಕೆಳಗೆ ಎಂಟು ಜನ, ಪಿಕಾಸಿ, ಗುದ್ದಲಿ. ಶೀನ ಅನ್ನುವ ಗ್ಯಾಂಗ್‌ಮ್ಯಾನ್ ಸರಿಯಾಗಿ ಗೀಟಿನ ಎದುರಿಗೆ ಕಾಲು ಅಗಲಿಸಿ ನಿಂತು ಪಿಕಾಸಿ ಎತ್ತಿದ್ದ.

"ಲೇ ಶೀನಾ! ಅಲುಗ್ಬ್ಯಾಡ! ಕಾಲು ಎತ್ಬ್ಯಾಡ ಕಣ್ಲಾ!"

ಅವನು ಎತ್ತಿದ ಪಿಕಾಸಿ ಎತ್ತಿದ ಹಾಗೇ ನಿಂತ. "ಆವಾ ಅಣ್ಣಾ?" ಅಂದ, ಹಾವು ಅಂತ ತಿಳಿದು. "ಎಲ್ಲೈತೆ? ಕಚ್ಚುತ್ತಾ?"

ಬಗ್ಗಿ ನೋಡಿದೆ. ಅವನ ಎಡ ಹಿಮ್ಮಡಿಗೂ ಮೊದಲನೇ ಮೊಟ್ಟೆಗೂ ನಡುವೆ ಎರಡು ಬೆರಳು ಜಾಗ. ಅವನ ಪಾದವನ್ನು ನಾನೇ ಎರಡೂ ಕೈಯಲ್ಲಿ ಹಿಡಿದು ಎತ್ತಿ ಈಚೆಗೆ ಇಟ್ಟೆ. ನಾಲ್ಕೂ ಇದ್ದವು.

ಚೌಡಪ್ಪ ಬಂದ. ನೋಡಿದ. ಹಾರೆ ತೆಗೆದುಕೊಂಡು ಸ್ಲೀಪರಿನ ಮೇಲೆ ಒಂದು ಏಟು ಹಾಕಿದ, ಟಣ್ ಅಂತು. ಟೊಳ್ಳಿದ್ದರೆ ಹಾಗೆ ಅನ್ನುವುದಿಲ್ಲ.

"ಗಟ್ಟಿ ಐತಲ್ಲೋ ಯರ್ರಪ್ಪ. ಯಾಕ್ ಗುರುತಾಕ್ದೆ?"

ಹೇಳಿದೆ. ಮುಚ್ಚಿಟ್ಟು ಏನು ಮಾಡಲಿ? ಮೊಟ್ಟೆ, ಮೊಮ್ಮಗಳು, ಕ್ಯಾಮರಾ ಎಲ್ಲ ಹೇಳಿದೆ. ಸುತ್ತ ನಿಂತವರು ನಗು ತಡೆಯಲು ಮೀಸೆ ಕಚ್ಚುತ್ತಿದ್ದರು. ಚೌಡಪ್ಪ ಮಾತ್ರ ನಗಲಿಲ್ಲ. ಸುಮ್ಮನೆ ಗುರುತು ಹಾಕುವುದು ಕೀಮ್ಯಾನಿಗೆ ಸಣ್ಣ ತಪ್ಪಲ್ಲ, ಅವನು ಮೇಲಕ್ಕೆ ಹೇಳಿದರೆ ನನಗೆ ಮೆಮೋ ಬರುತ್ತಿತ್ತು.

"ಇಷ್ಟು ವರ್ಸ ಸರ್ವೀಸಾಗೈತೆ. ಮೊಟ್ಟೆಗೆ ಪ್ಯಾಕಿಂಗ್ ಗುರುತು ಆಕೋನು ನೀನೊಬ್ನೇ ಕಣಯ್ಯಾ ಈ ಸೆಕ್ಷನ್ನಾಗೆ." ಹೆಗಲ ಟವಲು ತೆಗೆದು ಎಂಜಲು ಹಚ್ಚಿ ಗೀಟು ಒರೆಸಿದ. "ಲೇ, ನಡೀರಲೇ ಮುಂದಕ್ಕೆ. ಈ ಕಡೆ ಯಾವನಾದ್ರೂ ಕಾಲಿಟ್ರೆ ಹಾರೇಲೇ ಇಕ್ತೀನಿ."

ಅವರು ಹೋದರು. ಹಕ್ಕಿ ಬರಲಿಲ್ಲ. ಅಷ್ಟು ಗಲಾಟೆ ಆದ ಮೇಲೆ ಬಿಟ್ಟೇಹೋದರೆ? ಬಿಸಿಲು ನೆತ್ತಿಯ ಮೇಲೆ. ಕಲ್ಲು ಮುಟ್ಟಿ ನೋಡಿದರೆ ಕಾವಲಿ. ಬೇವಿನ ಮರದ ಹಿಂದೆ ಹೋಗಿ ಕೂತೆ. ಬಹಳ ಹೊತ್ತಾದ ಮೇಲೆ ತೂಬಿನ ಕಡೆಯಿಂದ ಒಂದು ನಡೆದುಕೊಂಡು ಬಂತು. ಎರಡು ಹೆಜ್ಜೆ, ನಿಲ್ಲು. ಮತ್ತೆ ಎರಡು ಹೆಜ್ಜೆ, ಬೇರೆಲ್ಲೋ ಹೋಗುವವರ ಹಾಗೆ ಅತ್ತ ಇತ್ತ. ಹೊಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಡೆಗೆ ಕೂತಿತು.

ಮನೆಗೆ ಬಂದರೆ ರತ್ನಮ್ಮ ಬಾಗಿಲಲ್ಲೇ ಇದ್ದಳು. "ಏನ್ ಏಳಿ ಓದ್ರಿ ಆ ಮಗೀಗೆ? ನೀವು ಓದಾಗಿಂದ ಕಲ್ಲಾಗಿ ಬಿದ್ದವಳೆ. ನೀರು ಕುಡೀ ಅಂದ್ರೂ ತಲೆ ಎತ್ತಲ್ಲ."

"ನಾಕೂ ಐತಾ?" ಒಳಗಿನಿಂದ ದನಿ ಬಂತು.

"ಐತೆ ಕಣವ್ವ. ತಾಯಿ ಬಂದು ಕೂತ್ಕಂಡೈತೆ."

ಆಮೇಲೆ ನೀರು ಕುಡಿದಳು. ಆ ದಿನದಿಂದ ಅವಳಿಗೆ ಅಲುಗಬೇಡ ಅಂತ ನಾವು ಒಂದು ಸಲವೂ ಹೇಳಲಿಲ್ಲ.

ಎರಡನೇ ರೋಲಿನ ಒಂಬತ್ತನೇ ಕ್ಲಿಕ್ಕಿನ ದಿನ ಎರಡು ಮೊಟ್ಟೆ ಬಿರಿದಿದ್ದವು. ಒದ್ದೆ ಹತ್ತಿಯ ಉಂಡೆಯಂಥ ಮರಿ ಎರಡು. ಮಾರನೆಯ ದಿನ ಹೋದರೆ ಉಳಿದೆರಡೂ ಇಲ್ಲ, ಗುಳಿ ಖಾಲಿ. ಚಿಪ್ಪಿನ ಚೂರೂ ಇರಲಿಲ್ಲ. ಖಾಲಿ ಗುಳಿಯನ್ನೇ ಒಂದು ಹೊಡೆದುಕೊಂಡು ಬಂದು ಹೇಳಿದೆ. ಇವು ಕಾಗೆ ಮರಿಯ ಹಾಗಲ್ಲ, ಹುಟ್ಟಿದ ದಿನವೇ ಎದ್ದು ನಡೆದುಬಿಡುತ್ತವೆ ಅಂತ.

"ಉಟ್ಟಿದ್ ದಿನಾನೇ ನಡೀತವಾ?" ಅಂದಳು. ಮೇಲೆ ಕಟ್ಟಿದ್ದ ಕಾಲನ್ನೇ ನೋಡುತ್ತಿದ್ದಳು.

ಇನ್ನೊಂದು ಕ್ಲಿಕ್ ಎಕ್ಕದ ಚಿಟ್ಟೆಗೆ ಹೋಯಿತು. ಕಡೆಯದು ಒಂದು ಉಳಿಯಿತು. ನಾಗು ನಡೆಯುವ ದಿನಕ್ಕೆ ಇರಲಿ ಅಂದಳು ರತ್ನಮ್ಮ.

ಆಸ್ಪತ್ರೆಯಲ್ಲಿ ಹಿಟ್ಟು ಒಡೆದರು. ಒಳಗಿನಿಂದ ಬಂದ ಕಾಲು ನೋಡಿ ರತ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಜಾಲಿ ಕಡ್ಡಿಯ ಹಾಗಿತ್ತು, ಚರ್ಮವೆಲ್ಲ ಎದ್ದಿತ್ತು. ಡಾಕ್ಟರಮ್ಮ ಟೇಪು ಹಿಡಿದು ಎರಡೂ ಕಾಲು ಅಳೆದರು, ಎರಡು ಸಲ. "ಸಮ ಇದೆ" ಅಂದರು. "ಹೇಗೆ ಮಲಗಿಸಿದಿರಪ್ಪ ಇವಳನ್ನ? ದೊಡ್ಡೋರೇ ಹೀಗೆ ಮಲಗಲ್ಲ." ನನ್ನ ಹೆಂಡತಿ ನನ್ನ ಕಡೆ ನೋಡಿದಳು, ನಾನು ಮೇಲೆ ಫ್ಯಾನು ನೋಡಿದೆ.

ಆದರೆ ನಾಗು ಕಾಲು ಊರಲಿಲ್ಲ. ಒಂದು ದಿನ, ಎರಡು ದಿನ, ಒಂದು ವಾರ. ನಿಲ್ಲಿಸಿದರೆ ನನ್ನ ಕತ್ತು ತಬ್ಬಿ ಹಿಡಿದುಕೊಳ್ಳುವಳು. "ಮುರಿಯುತ್ತೆ ತಾತಾ, ಮುರಿಯುತ್ತೆ." ಅಲುಗಬೇಡ ಅಂದದ್ದನ್ನು ಅಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದಳು. ಮೂಳೆ ಸರಿಹೋಗಿ ಮಗು ಹೀಗೆಯೇ ಕೂತುಬಿಟ್ಟರೆ ಏನು ಗತಿ ಅಂತ ರತ್ನಮ್ಮ ಮೊದಲನೇ ಸಲ ನನ್ನೆದುರು ಅತ್ತಳು.

ಒಂದು ಸಂಜೆ, ಗಾಡಿ ಹೋದ ಮೇಲೆ, ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ಜಾಗಕ್ಕೆ ಹೋದೆ. ಗುಳಿ ತೋರಿಸಿದೆ. ತೋರಿಸುವಾಗಲೇ ಹಕ್ಕಿಗಳು ಬಂದು ಕಿರುಚತೊಡಗಿದವು. ಮರಿ ಹತ್ತಿರದಲ್ಲೇ ಇದ್ದರೇ ಅವು ಹಾಗೆ ಕಿರುಚುವುದು. ನಾನು ಕಣ್ಣು ಕಿರಿದು ಮಾಡಿ ಎಲ್ಲ ಕಡೆ ನೋಡಿದೆ. ಹುಲ್ಲು, ಜಲ್ಲಿ, ಮಣ್ಣು.

"ಅಗೋ" ಅಂದಳು. "ಆ ಕಲ್ಲು ಉಸಿರಾಡ್ತೈತೆ."

"ಯಾವ್ದೇ?"

"ಅದೇ ತಾತಾ, ಹುಲ್ಲಿನ ಮಗ್ಗುಲಾಗೆ. ಇಳ್ಸು. ಇಳ್ಸು ನನ್ನ, ತೋರುಸ್ತೀನಿ."

ಇಳಿಸಿದೆ. ನನ್ನ ಪಂಚೆ ಹಿಡಿದುಕೊಂಡಿದ್ದಳು. ಮರಿಯ ಕಡೆಗೇ ನೋಡುತ್ತಾ, ಮೆಲ್ಲಗೆ, ಅದು ಏಳಬಾರದು ಅಂತ ಸದ್ದಿಲ್ಲದೆ ಒಂದು ಹೆಜ್ಜೆ ಇಟ್ಟಳು. ಇನ್ನೊಂದು. ಪಂಚೆ ಕೈಯಿಂದ ಜಾರಿದ್ದು ಅವಳಿಗೆ ಗೊತ್ತಾಗಲಿಲ್ಲ. ನಾನು ಹೇಳಲಿಲ್ಲ. ಅವಳು ಮರಿ ನೋಡುತ್ತಿದ್ದಳು, ನಾನು ಅವಳ ಕಾಲು ನೋಡುತ್ತಿದ್ದೆ. ಎರಡೂ ನೆಟ್ಟಗೆ, ಎರಡೂ ಸಮ. ಏಳು ಹೆಜ್ಜೆ. ಎಂಟನೆಯದಕ್ಕೆ ಕಲ್ಲು ಅಂದುಕೊಂಡದ್ದು ಎದ್ದು ಓಡಿತು, ಅದರ ಹಿಂದೆ ಇನ್ನೊಂದು, ಕೌಜುಗದಷ್ಟು ಬೆಳೆದಿದ್ದವು. ಅವಳು ಚಪ್ಪಾಳೆ ತಟ್ಟಿ ನಕ್ಕು ಹಿಂದಕ್ಕೆ ತಿರುಗಿದಳು. ತಿರುಗಿದ ಮೇಲೆ ತಾನು ಎಷ್ಟು ದೂರ ಬಂದಿದ್ದೇನೆ ಅಂತ ಕಂಡಿತು.

ನನಗೆ ಅವಳು ಮಸುಕಾಗಿ ಕಂಡಳು.

"ತಾತಾ, ಕ್ಲಿಕ್ ಮಾಡ್ದ್ಯಾ?"

ಕ್ಯಾಮರಾ ಎದೆಯ ಮೇಲೆ ನೇತಾಡುತ್ತಿತ್ತು. ನನಗೆ ಅದರ ನೆನಪೇ ಇರಲಿಲ್ಲ. "ಊಂ" ಅಂದೆ.

"ಸದ್ದೇ ಬರ್ಲಿಲ್ಲ."

ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು, ಅವರಜ್ಜಿಯ ಹಾಗೇ, ನನ್ನನ್ನು ಒಂದು ಸಲ ನೋಡಿದಳು.

"ಬಿಸಿಲು ಬೆನ್ನಿಗೆ ಬರಂಗೆ ಆ ಕಡೆ ನಿಂತ್ಕ. ಕಣ್ಣು ಒರುಸ್ಕ ಮೊದ್ಲು" ಅಂದಳು. ಆಮೇಲೆ ಎರಡೂ ಕೈ ಅಗಲಿಸಿಕೊಂಡು, ಮೊದಲು ನಿಂತಿದ್ದ ಜಾಗಕ್ಕೆ ತಾನೇ ವಾಪಸು ಹೋಗಿ, ನನಗೋಸ್ಕರ ಇನ್ನೊಂದು ಸಲ ನಡೆದಳು.